ನಿಂತ ಟ್ರ್ಯಾಕ್ಟರಿನ ಬ್ಯಾಟರಿ ಯಾಕ ಇಳೀತದ

ತೊಗರಿ ರಾಶಿ ಎಲ್ಲರದೂ ಮುಗದದ, ಕಡ್ಲಿನೂ ಬಹಳ ಮಂದಿದು ಮನಿ ಸೇರ್ಯಾದ. ಕೆಲವರ ಜೋಳ ಇನ್ನ ಹೊಲದಾಗ ನಿಂತದ. ಮಾಗಿ ಉಳುಮಿ ಮಾಡೋರು ಮಾಡಿ ಮುಗಿಸ್ಯಾರ. ಇನ್ನ ಹೋಳಿ ಹುಣ್ಣಿಮಿ ಬಂತಂದ್ರ ನಮ್ಮಂಥ ಸಣ್ಣ ರೈತರ ಟ್ರ್ಯಾಕ್ಟರ್ ಪತ್ರಾಸಿನ ಕೆಳಗ ಹೋಗಿ ನಿಲ್ತಾವ. ನಿಂತವಂದ್ರ ಮಿರಗ ಕೂಡೋ ತನಕ ಯಾರೂ ಆ ಕಡಿ ಹಣಿಕಿ ಹಾಕಲ್ಲ. ಕಬ್ಬು ಹೊಡಿಯೋ ಟ್ರ್ಯಾಕ್ಟರಿನ ಮಂದಿದಂತೂ ಕಾರ್ಖಾನಿ ಬಂದಾದ ಮ್ಯಾಲೆ ಮುಂದಿನ ಹಂಗಾಮಿನ ತನಕ ರಜಾ ಇದ್ದಂಗ.

ಅದಕ್ಕ ಈ ಸಲ ಬೆಳಿ ಮಾತು ಬಿಟ್ಟು ಬ್ಯಾಟರಿ ಬಗ್ಗೆ ಬರೀತೀನಿ. ಹೋದ ಸಲ ನೆಟೆ ರೋಗದ ಬಗ್ಗೆ ಬರೆದಾಗ ಇಬ್ಬರು ಮೂವರು ಫೋನ್ ಮಾಡಿ, "ಅಣ್ಣಾರ, ಟ್ರ್ಯಾಕ್ಟರ್ ನಿಂತ್ರ ಬ್ಯಾಟರಿ ಡೌನ್ ಆಗ್ತದಲ್ರಿ, ಅದಕ್ಕೇನ್ ಮಾಡ್ಬೇಕು" ಅಂತ ಕೇಳಿದ್ರು. ಫೋನಿನಾಗ ಹೇಳಿ ಮುಗಿಯೋದಲ್ಲ ಅದು. ಅದರಾಗ ನನ್ನ ಒಂದು ತಪ್ಪಿನ ಕಥಿ ಅದ, ಅದನ್ನ ಮೊದಲು ಹೇಳಬೇಕು.

ಎರಡು ವರ್ಷದ ಹಿಂದಿನ ಮಾತು. ನಂದು, ನನ್ನ ತಮ್ಮಂದು ಕೂಡಿ 9 ಎಕರೆ, ಎಲ್ಲಾ ಕರಿ ಭೂಮಿ, ಎಲ್ಲಾ ಮಳಿ ಮ್ಯಾಲಿಂದು. ಟ್ರ್ಯಾಕ್ಟರ್ ಹಳೇದು, ಇನ್ನೊಬ್ಬರ ಕೈಯಿಂದ ತಗೊಂಡದ್ದು. ಅದನ್ನ ಹೊಡಿಯೋನು ನನ್ನ ಮಗ, ಐಟಿಐ ಎಲೆಕ್ಟ್ರಿಷಿಯನ್ ಮಾಡ್ಯಾನ. ಆ ವರ್ಷ ಕೈ ಭಾಳ ಸಣ್ಣದಿತ್ತು. ಹೋಳಿ ಆದ ಮರುದಿನ ಅವ ಪುಣೆಗೆ ದುಡಿಯಾಕ ಹೋದ. ನಾನು ಟ್ರ್ಯಾಕ್ಟರಿಗೆ ಚಂದಾಗಿ ತಾಡಪತ್ರಿ ಹೊಚ್ಚಿ, ಗಾಲಿಗೆ ಕಲ್ಲು ಕೊಟ್ಟು, ಚಾವಿ ದೇವರ ಜಗಲಿ ಮ್ಯಾಲೆ ಇಟ್ಟೆ. ಜೋಪಾನ ಮಾಡಿದೆ ಅಂತ ನನ್ನ ತಿಳುವಳಿಕಿ.

ನಡುವ ಎಂಟು ದಿನಕ್ಕೊಮ್ಮೆ ಚಾಲೂ ಮಾಡು ಅಂತ ಮಗ ಫೋನಿನಾಗ ಹೇಳ್ತಿದ್ದ. ಡೀಸೆಲ್ ರೇಟು ನೋಡಿ ನಾ ಮಾಡಲಿಲ್ಲ.

ಮಿರಗ ಚಲೋ ಕೂಡ್ತು ಆ ವರ್ಷ. ಎರಡು ದಿನ ಸುರೀತು. ನಿಮಗ ಹೇಳೋದು ಬ್ಯಾಡ, ನಮ್ಮ ಎರಿ ಭೂಮಿ ಮಳಿ ನಿಂತ ಕೂಡ್ಲೆ ಕಾಲಿಡಾಕ ಬಿಡಲ್ಲ, ಗಾಲಿ ತುಂಬ ಎರಿ ಮೆತ್ತಿ ಟ್ರ್ಯಾಕ್ಟರ್ ನಿಂತಲ್ಲೇ ತಿರುಗ್ತದ. ಮೂರನೇ ದಿನಕ್ಕ ಹದ ಬರ್ತದ. ಬಿಸಿಲು ಬಿತ್ತಂದ್ರ ಆ ಹದ ಎರಡು ದಿನ ಇರ್ತದ, ಇಲ್ಲಂದ್ರ ಮತ್ತ ಮಳಿ ಬಂದು ಕೆಸರು. ಮಗ ಸುದ್ದಿ ಕೇಳಿ ರಾತ್ರಿ ಗಾಡಿ ಹತ್ತಿ ಮುಂಜಾನಿ ಗಾಣಗಾಪುರ ರೋಡ್ ಸ್ಟೇಷನ್ನಿನಾಗ ಇಳಿದು ಬಂದ. ಮಾರಿ ತೊಳಕೊಂಡು ಚಾ ಸೈತ ಕುಡೀಲಿಲ್ಲ. ತಾಡಪತ್ರಿ ತೆಗೆದ, ಕೂರಿಗಿ ಹಚ್ಚಿದ, ಬೀಜ ತಂದು ಇಟ್ಟೀವಿ. ಚಾವಿ ತಿರುವಿದ್ರ ಬರೇ "ಕಟ್ ಕಟ್ ಕಟ್". ಸೆಲ್ಫ್ ತಿರುಗಲಿಲ್ಲ. ಮತ್ತೊಮ್ಮೆ ತಿರುವಿದ್ರ ಆ ಸಪ್ಪಳನೂ ಇಲ್ಲ.

ಓಣಿ ಮಂದಿ ಎಲ್ಲಾ ಹೊಲಕ್ಕ ಹೊಂಟಿದ್ರು. ಒಬ್ಬೊಬ್ಬರೇ ನಮ್ಮ ಮನಿ ಮುಂದ ಗಾಡಿ ನಿಧಾನ ಮಾಡಿ, "ಏನಾತ್ರಿ ಕಾಕಾ" ಅಂತ ಕೇಳಿ ಮುಂದ ಹೋಗ್ತಿದ್ರು. ನನಗ ನೆತ್ತಿಗೇರ್ತು. ಟ್ರ್ಯಾಕ್ಟರಿನಾಗ ಮಗ ಹೋದ ದಸರಾಕ್ಕ ಒಂದು ಡೆಕ್ ಕುಂದರ್ಸಿದ್ದ, ಎರಡು ದೊಡ್ಡ ಸ್ಪೀಕರ್ ಬ್ಯಾರೆ. ಅದು ನನಗ ಮೊದಲಿಂದ್ಲೂ ಬರ್ತಿದ್ದಿಲ್ಲ. ಎಲ್ಲಾ ಮಂದಿ ಎದುರಿಗೆ ಅಂದೆ, "ಹಾಡ ಕೇಳಿ ಕೇಳಿ ಬ್ಯಾಟರಿ ತಿಂದು ಹಾಕಿದಿ. ಇಂಥಾ ಮಗ ಇದ್ರ ಬಿತ್ತಿದಂಗೇ."

ಅವ ಅಂದ, "ಅಪ್ಪಾ, ನಾ ಮೂರು ತಿಂಗಳಿಂದ ಊರಾಗೇ ಇಲ್ಲಲ್ಲ."

"ಎದುರು ಮಾತಾಡಬ್ಯಾಡ" ಅಂದೆ.

ಅವ ಸುಮ್ಮನಾದ. ಅವತ್ತಿಂದ ಎಂಟು ದಿನ ನನ್ನ ಜೋಡಿ ಬೇಕಾದಷ್ಟೇ ಮಾತಾಡಿದ.

ಬಾಜೂ ಹೊಲದ ಮಾವನ ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಜಗ್ಗಿ ಚಾಲೂ ಮಾಡಿದ್ವಿ. ಹಂಗ ಜಗ್ಗೋದು ಚಲೋ ಅಲ್ಲ, ಮುಂದಿನ ಟ್ರ್ಯಾಕ್ಟರ್ ಒಮ್ಮೆಲೆ ನಿಂತ್ರ ಹಿಂದಿಂದು ಹೋಗಿ ಹಾಯ್ತದ, ಸರಪಳಿ ಹರಿದ್ರ ಹೊಡಿಯೋನ ಮಾರಿಗೇ ಬರ್ತದ. ಅವತ್ತು ಬ್ಯಾರೆ ದಾರಿ ಕಾಣಲಿಲ್ಲ. ಹೊಲಕ್ಕ ಹೋಗಿ 2 ಎಕರೆ ತೊಗರಿ ಬಿತ್ತೀವಿ. ಮಧ್ಯಾಹ್ನದಾಗ ಬದು ದಾಟಿಸೋ ಮುಂದ ಎಂಜಿನ್ ಬಂದ್ ಬಿತ್ತು. ಮತ್ತ ಚಾಲೂ ಆಗಲಿಲ್ಲ. ಹದ ಇದ್ದ ದಿನ ತನ್ನ ಬಿತ್ತಿಗಿ ಬಿಟ್ಟು ಇನ್ನೊಬ್ಬರ ಟ್ರ್ಯಾಕ್ಟರ್ ಜಗ್ಗಾಕ ಯಾರ ಬರ್ತಾರ? ಬರ್ರಿ ಅಂತ ಕೇಳಾಕ ನನಗೂ ಮನಸ್ಸಾಗಲಿಲ್ಲ. ಸಂಜಿಗೆ ಮೋಡ ಕವೀತು, ರಾತ್ರಿ ಮಳಿ ಹೊಡೀತು. ಹೊಲದಾಗೇ ನಿಂತ ಟ್ರ್ಯಾಕ್ಟರ್ ಹೊರಗ ತರಾಕ ನಾಲ್ಕು ದಿನ ಹಿಡೀತು. ಉಳಿದ 4 ಎಕರೆ ತೊಗರಿ ಬಿತ್ತಿದ್ದು ಆರಿದ್ರ ಮಳಿ ನಡುವ ಬಿಡುವು ಕೊಟ್ಟಾಗ.

ರಾಶಿ ಹೊತ್ತಿಗೆ ಮೊದಲ ಬಿತ್ತಿದ 2 ಎಕರೆಕ್ಕ 9 ಚೀಲ ಬಂತು. ಹಿಂದ ಬಿತ್ತಿದ 4 ಎಕರೆಕ್ಕ 11 ಚೀಲ. ಪೂರಾ ತಡಾ ಆದದ್ದಕ್ಕೇ ಅಂತ ಹೇಳಲ್ಲ, ಆ ತುಂಡಿನಾಗ ಕಾಯಿಕೊರಕನೂ ಜಾಸ್ತಿ ಇತ್ತು. ಆದ್ರೂ ನನ್ನ ಲೆಕ್ಕದಾಗ ಆ ಬ್ಯಾಟರಿ ನಾಲ್ಕೈದು ಚೀಲ ತೊಗರಿ ತಿಂತು.

ಬ್ಯಾಟರಿ ಬಿಚ್ಚಿ ಅಫಜಲಪುರಕ್ಕ ಒಬ್ಬ ಬ್ಯಾಟರಿ ಮಿಸ್ತ್ರಿ ಹತ್ರ ಒಯ್ದೀವಿ. ಎರಡೂವರೆ ವರ್ಷದ ಬ್ಯಾಟರಿ ಅದು. ಅವ ಗಾಜಿನ ಕೊಳವಿ ಹಾಕಿ ಆರೂ ಮನಿ ಆಸಿಡ್ ಎಳೆದು ನೋಡಿದ. ತುಂಬಿದ ಬ್ಯಾಟರಿಯಾಗ ಆ ಕೊಳವಿ 1250ರ ಸನೇಕ ತೋರಿಸಬೇಕು. ನಮ್ದು 1100ರ ಆಸುಪಾಸು. ಎರಡು ದಿನ ಸಾವಕಾಶ ಚಾರ್ಜಿಗೆ ಹಾಕಿ ನೋಡಿದ, ವೋಲ್ಟೇಜ್ ಏರ್ತು, ಆದ್ರ ಲೋಡ್ ಕೊಟ್ಟ ಕೂಡ್ಲೆ ಕುಸೀತು. "ಪ್ಲೇಟಿಗೆ ಬಿಳಿ ಹಿಡದದ್ರಿ. ಇದು ಕಂಪನಿ ತಪ್ಪಲ್ಲ, ನಿಂತು ನಿಂತು ಸತ್ತದ" ಅಂದ. ಆ ದಿನ ನಾ ಅವನ ಮಾತು ನಂಬಲಿಲ್ಲ. ನಡೆದ್ರ ಸವೀತದ, ನಿಂತ್ರ ಯಾಕ ಸಾಯ್ತದ? ಎತ್ತು ಕೊಟ್ಟಿಗ್ಯಾಗ ನಿಂತ್ರ ಮೈ ತುಂಬ್ತದಲ್ಲ.

ಹೊಸ ಬ್ಯಾಟರಿ ತಂದೀವಿ, 88 ಎಎಚ್‌ದು. ಎಎಚ್ ಅಂದ್ರ ಆಂಪಿಯರ್ ಅವರ್. ಹಗೇವಿನಾಗ ಎಷ್ಟು ಚೀಲ ಜೋಳ ಹಿಡೀತದ ಅಂತೀವಲ್ಲ, ಹಂಗ ಬ್ಯಾಟರಿಯಾಗ ಎಷ್ಟು ಕರೆಂಟ್ ಹಿಡೀತದ ಅನ್ನೋ ಅಳತಿ ಅದು. 1 ಆಂಪಿಯರ್ ಕರೆಂಟ್ ಒಂದು ತಾಸು ಹರಿದ್ರ 1 ಎಎಚ್.

ಅವತ್ತು ಸಂಜಿ ಮಗ ತನ್ನ ಮಲ್ಟಿಮೀಟರ್ ತಂದ. ನನ್ನ ಕರೀಲಿಲ್ಲ, ನಾನೇ ಹೋಗಿ ನಿಂತೆ. ಚಾವಿ ತೆಗೆದ, ಎಲ್ಲಾ ಲೈಟ್ ಬಂದ್ ಮಾಡಿದ. ಬ್ಯಾಟರಿ ಮೈನಸ್ ವೈರ್ ಬಿಚ್ಚಿ, ಆ ವೈರಿಗೂ ಬ್ಯಾಟರಿ ಮೈನಸ್ ಕಡ್ಡಿಗೂ ನಡುವ ಮೀಟರ್ ಇಟ್ಟ. ಅಂದ್ರ ಬ್ಯಾಟರಿಯಿಂದ ಹೋಗೋ ಎಲ್ಲಾ ಕರೆಂಟ್ ಆ ಮೀಟರಿನ ಮ್ಯಾಲೇ ಹಾದು ಹೋಗಬೇಕು. ಟ್ರ್ಯಾಕ್ಟರ್ ಬಂದ್ ಅದ, ಚಾವಿ ಮನಿಯಾಗ ಅದ, ಆದ್ರೂ ಮೀಟರ್ 62 ಮಿಲಿ ಆಂಪಿಯರ್ ತೋರಿಸ್ತು.

ನಾ ಅಂದೆ, "ನೋಡು, ನಿನ್ನ ಡೆಕ್."

ಅವ ಮಾತಾಡಲಿಲ್ಲ. ಡೆಕ್ಕಿನ ಫ್ಯೂಜ್ ಕಿತ್ತ. ಮೀಟರ್ 55ಕ್ಕ ಬಂತು. ಅಂದ್ರ ಡೆಕ್ಕು ತಿಂತಿದ್ದದ್ದು ಬರೇ 7. ಅವ ಅದನ್ನ ಚಾವಿ ಮ್ಯಾಲೆ ಕೊಟ್ಟಿದ್ದ, ಚಾವಿ ತೆಗೆದ್ರ ಡೆಕ್ ಬಂದ್, ಸ್ಟೇಷನ್ ನೆನಪಿಡೋ ಸಣ್ಣ ವೈರ್ ಒಂದೇ ಡೈರೆಕ್ಟ್ ಇತ್ತು. ಆಮೇಲೆ ಸೀಟಿನ ಬಾಜೂ ಇದ್ದ ಮೊಬೈಲ್ ಚಾರ್ಜಿಂಗ್ ಪಾಯಿಂಟಿನ ವೈರ್ ಬಿಚ್ಚಿದ. ಮೀಟರ್ 55ರಿಂದ 12ಕ್ಕ ಇಳೀತು.

ಆ ಪಾಯಿಂಟ್ ಹಾಕ್ಸಿದ್ದು ನಾನು. ಹಂದಿ ಕಾಟ ಅಂತ ರಾತ್ರಿ ಹೊಲ ಕಾಯಾಕ ಹೋಗ್ತಿದ್ದೆ, ಫೋನ್ ಚಾರ್ಜ್ ಮಾಡಾಕ ಬೇಕಿತ್ತು. ಹಾಕೋ ಹುಡುಗ, "ಚಾವಿ ಮ್ಯಾಲೆ ಕೊಡ್ಲೇನ್ರಿ" ಅಂತ ಕೇಳಿದ್ದ. ನಾನೇ, "ಬ್ಯಾಡ, ಚಾವಿ ಇಲ್ಲದಂಗ ನಡೀಬೇಕು, ಡೈರೆಕ್ಟ್ ಕೊಡು" ಅಂದಿದ್ದೆ. ಅದರಾಗ ವೋಲ್ಟೇಜ್ ತೋರಿಸೋ ನೀಲಿ ಅಂಕಿ ಇದ್ವು, ಹಗಲಿ ರಾತ್ರಿ ಹತ್ತಿರ್ತಿದ್ವು. ಬ್ಯಾಸಗಿಯಾಗ ಅಂಗಳದಾಗ ಮಲಗ್ತಿದ್ದೆ. ರಾತ್ರಿ ಎದ್ದಾಗ ತಾಡಪತ್ರಿ ಸಂದಿಯಿಂದ ಆ ನೀಲಿ ಬೆಳಕು ಕಾಣ್ತಿತ್ತು. ಟ್ರ್ಯಾಕ್ಟರ್ ಜೋಪಾನ ಅದ ಅಂತ ನೋಡಿ ಮತ್ತ ಮಲಗ್ತಿದ್ದೆ. ಮುಂದ ಒಂದಿನ ಆ ಬೆಳಕು ಕಾಣಲಿಲ್ಲ. ಗಾಳಿಗೆ ತಾಡಪತ್ರಿ ಸರಿದು ಮುಚ್ಚಿರಬೇಕು ಅಂದ್ಕೊಂಡೆ.

ಲೆಕ್ಕ ಮಾಡಿ ನೋಡ್ರಿ. 62 ಮಿಲಿ ಆಂಪಿಯರ್ ಅಂದ್ರ ಏನೂ ಅಲ್ಲ, ಒಂದು ಸಣ್ಣ ಬಲ್ಬ್ ಸೈತ ಪೂರಾ ಹತ್ತಲ್ಲ. ಆದ್ರ 24 ತಾಸಿಗೆ 1.5 ಎಎಚ್ ಆಗ್ತದ. ಹೋಳಿಯಿಂದ ಮಿರಗಕ್ಕ 80 ದಿನ ಹಿಡಿದ್ರ 119 ಎಎಚ್. ಬ್ಯಾಟರಿ ಇರೋದೇ 88. ಅಂದ್ರ ಎರಡು ತಿಂಗಳ ಒಳಗ ಪೂರಾ ಖಾಲಿ, ಆಮೇಲೆ ಖಾಲಿ ಬ್ಯಾಟರಿ 20 ದಿನ ಬಿಸಿಲಾಗ ಬೇಯ್ತು. ನನ್ನ ಪಾಯಿಂಟ್ ಒಂದೇ 80 ದಿನಕ್ಕ 83 ಎಎಚ್ ತಿಂದದ. ಮಗನ ಡೆಕ್ ತಿಂದದ್ದು 13. ಉಳಿದ 12 ಮಿಲಿ ಆಂಪಿಯರ್ ಎಲ್ಲಿ ಹೋಗ್ತದ ಅಂದ್ರ, ತಾಸಿನ ಮೀಟರಿಗೆ ಸ್ವಲ್ಪ, ಆಲ್ಟರ್ನೇಟರಿನಾಗ ಸ್ವಲ್ಪ. ಅದು ಹಳೇ ಟ್ರ್ಯಾಕ್ಟರಿನಾಗ ಇರೋದೇ. ಆದ್ರ ಯಾರದಾದ್ರೂ ಟ್ರ್ಯಾಕ್ಟರಿನಾಗ ಎಲ್ಲಾ ಫ್ಯೂಜ್ ಕಿತ್ತಿದ ಮ್ಯಾಲೂ ಮೀಟರ್ ಇಳಿಯದೇ ಹೋದ್ರ ಆಲ್ಟರ್ನೇಟರಿನ ದಪ್ಪ ವೈರ್ ಬಿಚ್ಚಿ ನೋಡ್ರಿ. ಒಳಗಿನ ಡಯೋಡ್ ಹೋಗಿದ್ರ ಅದರ ಕಡೀಂದ ಹಿಂದಕ್ಕ ಸೋರ್ತದ.

ಸುಮ್ಮನ ನಿಂತಿದ್ದೆ. ಮಗ ಮೀಟರ್ ಸುತ್ತಿ ಚೀಲದಾಗ ಇಟ್ಕೊಂಡ. ನಾಕು ಮಂದಿ ಎದುರಿಗೆ ಬೈದದ್ದು ನಾನು, ತಪ್ಪಾಯ್ತು ಅಂತ ಹೇಳಾಕ ಯಾರೂ ಇಲ್ಲದ ಜಾಗಾ ಹುಡುಕಿದ್ದೂ ನಾನೇ. ಮರುದಿನ ಹೊಲದಾಗ ಬುತ್ತಿ ಬಿಚ್ಚಿದಾಗ ಅಂದೆ, "ತಮ್ಮಾ, ಅವತ್ತು ನಾ ಅಂದದ್ದು ತಪ್ಪಾತಪ್ಪ." ಅವ ರೊಟ್ಟಿ ಮುರೀತ ಅಂದ, "ಇರ್ಲಿ ಬಿಡಪ್ಪ. ಡೆಕ್ಕಿನ ಫ್ಯೂಜ್ ಮತ್ತ ಹಾಕ್ತೀನಿ ಮತ್ತ." ಹಾಕು ಅಂದೆ. ಈಗಲೂ ಅದರ ಸಪ್ಪಳ ನನಗ ಬರಲ್ಲ, ಅದು ಬ್ಯಾರೆ ಮಾತು.

ಇನ್ನ ನಿಂತ್ರ ಯಾಕ ಸಾಯ್ತದ ಅನ್ನೋದಕ್ಕ ಬರ್ತೀನಿ. ಮಗ ಹೇಳಿಕೊಟ್ಟದ್ದು, ನನಗ ತಿಳಿದಷ್ಟು ಬರೀತೀನಿ. ಈ ಸೀಸ, ಗಂಧಕದ ಆಸಿಡ್ಡಿನ ಬ್ಯಾಟರಿ ಹೊಸಾದಲ್ಲ, 1859ರಾಗ ಫ್ರಾನ್ಸ್ ದೇಶದ ಗಾಸ್ತೋ ಪ್ಲಾಂತೆ ಅನ್ನೋರು ಮಾಡಿದ್ದು. ಇವತ್ತಿಗೂ ಅದೇ ಕೆಲಸ ನಡೀತದ. ಬ್ಯಾಟರಿ ಖಾಲಿ ಆಗ್ತಾ ಹೋದಂಗ ಆಸಿಡ್ಡಿನಾಗಿನ ಗಂಧಕ ಪ್ಲೇಟಿಗೆ ಹೋಗಿ ಕೂತು ಸೀಸದ ಉಪ್ಪಾಗ್ತದ, ಆಸಿಡ್ ನೀರಾಗ್ತದ. ಚಾರ್ಜ್ ಮಾಡಿದ್ರ ಆ ಉಪ್ಪು ಕರಗಿ ಮತ್ತ ಆಸಿಡ್ ಆಗ್ತದ. ಉಪ್ಪು ಹೊಸಾದಿದ್ದಾಗ ಮೆತ್ತಗಿರ್ತದ, ಲಗೂನ ಕರಗ್ತದ. ವಾರಗಟ್ಟಲೆ ಹಂಗೇ ಬಿಟ್ರ ಹರಳುಗಟ್ಟಿ ಗಟ್ಟಿ ಆಗ್ತದ. ಆಮೇಲೆ ಎಷ್ಟು ಚಾರ್ಜ್ ಕೊಟ್ರೂ ಕರಗಲ್ಲ. ಸೌಳು ಭೂಮಿಯಾಗ ಬಿಳಿ ಪೊರಿ ಕೂತಂಗ. ಮಿಸ್ತ್ರಿ "ಬಿಳಿ ಹಿಡದದ" ಅಂದದ್ದು ಅದಕ್ಕೇ. ಮಿರಗದ ದಿನ ನಮಗ ಗೊತ್ತಾಯ್ತು ಅಷ್ಟೇ, ಬ್ಯಾಟರಿ ಸತ್ತದ್ದು ಮೇ ತಿಂಗಳದಾಗ.

ಮತ್ತೊಂದು ಅದ. ವೈರ್ ಪೂರಾ ಬಿಚ್ಚಿಟ್ರೂ ಬ್ಯಾಟರಿ ತನ್ನಷ್ಟಕ್ಕ ತಾನೇ ಇಳೀತದ. ತಂಪಿನಾಗ ತಿಂಗಳಿಗೆ ನೂರಕ್ಕ ಮೂರೋ ಐದೋ ಪಾಲು. ಬಿಸಿ 10 ಡಿಗ್ರಿ ಏರಿದ್ರ ಆ ಇಳಿಯೋದು ಹೆಚ್ಚೂ ಕಡಿಮಿ ಎರಡು ಪಟ್ಟು ಆಗ್ತದ. ನಮ್ಮ ಕಲಬುರ್ಗಿ ಕಡಿ ಮೇ ತಿಂಗಳದಾಗ ನೆರಳಾಗೇ 42, 43 ಇರ್ತದ, ಪತ್ರಾಸಿನ ಕೆಳಗ ಇನ್ನ ಹೆಚ್ಚು. ಮಗ ಫೋನಿನಾಗ ತೋರಿಸಿದ, ಹೊರದೇಶದಾಗ ಗಾಡಿಗೆ ಕಟ್ಟೋ ಗಾಲಿ ಮನಿ ಇರ್ತಾವ, ಅದರಾಗ ತಿರುಗಾಡೋ ಮಂದಿ ಚಳಿಗಾಲಕ್ಕ ಅದನ್ನ ನಿಲ್ಲಿಸೋ ಮುಂದ ಬ್ಯಾಟರಿ ಬಿಚ್ಚಿ ಚಾರ್ಜ್ ಮಾಡಿ ಒಳಗ ಇಡ್ತಾರ. ಖಾಲಿ ಬ್ಯಾಟರಿ ಇದ್ರ ಅಲ್ಲಿ ಆಸಿಡ್ ಹೆಪ್ಪುಗಟ್ಟಿ ಡಬ್ಬಿನೇ ಒಡೀತದಂತ. ಅವರಿಗೆ ಚಳಿ ವೈರಿ, ನಮಗ ಬಿಸಿಲು. ಕೆಲಸ ಮಾತ್ರ ಒಂದೇ.

ಈಗ ನಾ ಮಾಡೋದು ಹೇಳ್ತೀನಿ. ಟ್ರ್ಯಾಕ್ಟರ್ 15 ದಿನಕ್ಕಿಂತ ಹೆಚ್ಚು ನಿಲ್ತದ ಅಂದ್ರ ಮೈನಸ್ ವೈರ್ ಬಿಚ್ಚೋದು. 10 ನಂಬರ್ ಇಲ್ಲ 13 ನಂಬರ್ ಪಾನಾ ಬೇಕು, ಎರಡು ಮಿನಿಟಿನ ಕೆಲಸ. ಮೊದಲು ಮೈನಸ್ಸೇ ಬಿಚ್ಚಬೇಕು, ಹಚ್ಚೋ ಮುಂದ ಮೈನಸ್ ಕಡೀಕ. ಯಾಕಂದ್ರ ಟ್ರ್ಯಾಕ್ಟರಿನ ಕಬ್ಬಿಣ ಎಲ್ಲಾ ಮೈನಸ್. ಮೊದಲು ಪ್ಲಸ್ ಬಿಚ್ಚಾಕ ಹೋಗಿ ಪಾನಾ ಬಾಡಿಗೆ ತಾಗಿದ್ರ ಬೆಂಕಿ ಹಾರ್ತದ, ಕೈಯಾಗ ಉಂಗುರ ಇದ್ರ ಬೆರಳೇ ಸುಡ್ತದ. ಎಂಜಿನ್ ನಡೀತಿದ್ದಾಗ ಯಾವತ್ತೂ ವೈರ್ ಬಿಚ್ಚಬ್ಯಾಡ್ರಿ, ಆಲ್ಟರ್ನೇಟರ್ ಹೋಗ್ತದ. ಬಿಚ್ಚಿದ ವೈರ್ ಹಾರಿ ಮತ್ತ ಕಡ್ಡಿಗೆ ತಾಗಬಾರದು, ಹಳೇ ಟ್ಯೂಬಿನ ತುಂಡು ಸುತ್ತಿ ಬಾಜೂ ಕಟ್ರಿ. ಕಟ್-ಆಫ್ ಸ್ವಿಚ್ ಅಂತನೂ ಸಿಗ್ತದ, ಮೈನಸ್ ವೈರಿನ ನಡುವ ಕುಂದರ್ಸಿ ತಿರುವಿದ್ರ ಸಾಕು. ನಾ ಹಾಕ್ಸಿಲ್ಲ. ಸಸ್ತಾ ಇದ್ದದ್ದು ಸೆಲ್ಫಿನ ಕರೆಂಟ್ ತಡಿಯಲ್ಲ, ಕಾಯ್ದು ಕರಗ್ತದ. ದಿನಾ ಬಿಚ್ಚಿ ಹಚ್ಚೋ ಕೆಲಸ ಇದ್ದೋರು ಚಲೋದು ನೋಡಿ ಹಾಕ್ಸ್ರಿ.

ನಿಲ್ಲಿಸೋ ಮೊದಲು ಬ್ಯಾಟರಿ ತುಂಬಿರಬೇಕು, ಇದು ಬಿಚ್ಚೋದಕ್ಕಿಂತ ದೊಡ್ಡದು. ಅರ್ಧ ಖಾಲಿ ಬ್ಯಾಟರಿ ಬಿಚ್ಚಿ ಇಟ್ರ ಆ ಅರ್ಧದಾಗ ಉಪ್ಪು ಗಟ್ಟಿ ಆಗ್ತದ. ಎಂಜಿನ್ ಬಂದ್ ಮಾಡಿ ನಾಲ್ಕೈದು ತಾಸು ಬಿಟ್ಟು ಮೀಟರಿನಾಗ ವೋಲ್ಟೇಜ್ ನೋಡ್ರಿ. 12.6ರ ಮ್ಯಾಲಿದ್ರ ತುಂಬಿದಂಗ. 12.4 ಇದ್ರ ಮುಕ್ಕಾಲು. 12.2 ಅಂದ್ರ ಅರ್ಧ. 12ಕ್ಕ ಬಂದ್ರ ಕಾಲು ಭಾಗ ಉಳಿದದ. 12 ವೋಲ್ಟಿನ ಬ್ಯಾಟರಿಯಾಗ 12 ಅದಲ್ಲ ಮತ್ತೇನು ಅಂತ ನಾನೂ ಮೊದಲು ತಿಳಕೊಂಡಿದ್ದೆ, ಆ 12 ಖಾಲಿ ಆಗೋದಕ್ಕ ಬಂದಂಗ. 12.4ರ ಕೆಳಗ ಇದ್ರ ಚಾರ್ಜಿಗೆ ಹಾಕ್ರಿ. ಚಾರ್ಜರಿನವರಿಗೆ ಅವಸರ ಮಾಡಬ್ಯಾಡ್ರಿ. ಎಎಚ್‌ದ ಹತ್ತನೇ ಪಾಲು, 88ಕ್ಕ 8 ಆಂಪಿಯರಿನ ಮ್ಯಾಲೆ ಬ್ಯಾಡ. ಚಾರ್ಜಿನಾಗ ಬರೋ ಗಾಳಿಗೆ ಬೆಂಕಿ ತಾಗಿದ್ರ ಸಿಡೀತದ, ಬೀಡಿ ಹಚ್ಚೋರು ದೂರ ಹೋಗ್ರಿ.

ನೀರಿನ ಮಾತು. ಮುಚ್ಚಳ ತೆಗಿಯಾಕ ಬರೋ ಬ್ಯಾಟರಿ ಇದ್ರ ಪ್ಲೇಟ್ ಮುಳುಗಿ ಮ್ಯಾಲೆ ಅರ್ಧ ಬೆರಳಷ್ಟು ನೀರಿರಬೇಕು. ಕಡಿಮಿ ಇದ್ರ ಬ್ಯಾಟರಿ ನೀರೇ ಹಾಕ್ರಿ. ಆಸಿಡ್ ಹಾಕಬ್ಯಾಡ್ರಿ, ಹಾರಿ ಹೋದದ್ದು ನೀರು ಮಾತ್ರ, ಆಸಿಡ್ ಒಳಗೇ ಇರ್ತದ. ಬೋರಿನ ನೀರಂತೂ ಬ್ಯಾಡೇ ಬ್ಯಾಡ. ನಮ್ಮ ಕಡಿ ಬೋರಿನ ನೀರು ಕೊಡದಾಗ ಇಟ್ರ ಬಿಳಿ ಪಟ್ಟಿ ಹಿಡೀತದ, ಅದನ್ನ ಬ್ಯಾಟರಿಗೆ ಹಾಕಿದ್ರ ಏನಾದೀತು ನೀವೇ ತಿಳಕೋರಿ.

ಬ್ಯಾಟರಿ ನೆಲದ ಮ್ಯಾಲೆ ಇಟ್ರ ಕರೆಂಟ್ ನೆಲಕ್ಕ ಇಳೀತದ ಅಂತ ನಮ್ಮ ಹಿರೇರು ಹೇಳ್ತಿದ್ರು, ಹಲಗಿ ಮ್ಯಾಲೆ ಇಡು ಅಂತಿದ್ರು. ಹಿಂದಿನ ಕಾಲದ ರಬ್ಬರಿನ ಡಬ್ಬಿಗೆ ಅದು ಖರೇನೇ ಇತ್ತು, ಆಸಿಡ್ ಜಿನುಗಿ ಹಸಿ ನೆಲಕ್ಕ ಕರೆಂಟ್ ಹರೀತಿತ್ತು. ಈಗಿನ ಪ್ಲಾಸ್ಟಿಕ್ ಡಬ್ಬಿಗೆ ಆ ಅಂಜಿಕಿ ಇಲ್ಲ. ಆದ್ರ ಮ್ಯಾಲಿನ ಮುಚ್ಚಳದ ಮ್ಯಾಲೆ ಧೂಳು, ಆಸಿಡ್ಡಿನ ಹಸಿ ಕೂಡಿ ಕೆಸರಾಗಿದ್ರ ಪ್ಲಸ್ಸಿಂದ ಮೈನಸ್ಸಿಗೆ ಅದರ ಮ್ಯಾಲಿಂದೇ ಕರೆಂಟ್ ಹರೀತದ, ವೈರ್ ಬಿಚ್ಚಿಟ್ರೂ ಹರೀತದ. ಮೀಟರಿನ ಒಂದು ಕಡ್ಡಿ ಮೈನಸ್ಸಿಗೆ ಇಟ್ಟು ಇನ್ನೊಂದು ಕಡ್ಡಿ ಮುಚ್ಚಳದ ಕೆಸರಿನ ಮ್ಯಾಲೆ ಎಳೀರಿ, ವೋಲ್ಟೇಜ್ ತೋರಿಸ್ತದ, ನಾ ನೋಡೀನಿ. ಮುಚ್ಚಳ ಬಿಗಿ ಮಾಡಿ, ಬೆಚ್ಚನ ನೀರಾಗ ಅಡಿಗಿ ಸೋಡಾ ಕಲಸಿ ಬಟ್ಟಿಲೇ ಒರಸ್ರಿ, ಬುರುಗು ಬರೋದು ನಿಂತ ಮ್ಯಾಲೆ ಒಣಬಟ್ಟಿ ಹಚ್ಚ್ರಿ. ಸೋಡಾ ನೀರು ಒಳಗ ಒಂದು ಹನಿ ಹೋಗಬಾರದು. ಕಡ್ಡಿಗೆ ವ್ಯಾಸಲೀನ್ ಸವರೋದು ವೈರ್ ಬಿಗಿದ ಮ್ಯಾಲೆ, ಮೊದಲಲ್ಲ.

ಎಂಟು ದಿನಕ್ಕೊಮ್ಮೆ ಐದು ಮಿನಿಟ್ ಚಾಲೂ ಮಾಡಿ ಬಂದ್ ಮಾಡೋರು ಬಹಳ ಮಂದಿ ಇದ್ದೀರಿ. ಎಂಜಿನ್ನಿಗೆ ಎಣ್ಣಿ ತಿರುಗ್ತದ, ಅದು ಬ್ಯಾರೆ. ಬ್ಯಾಟರಿಗೆ ಅದರಿಂದ ಏನೂ ಆಗಲ್ಲ. ನಮ್ಮ ಲೆಕ್ಕದಾಗೇ ನೋಡ್ರಿ, 62 ಮಿಲಿ ಆಂಪಿಯರ್ ಸೋರಿದ್ರ ಎಂಟು ದಿನಕ್ಕ 12 ಎಎಚ್ ಹೋಗ್ತದ. ಐದು ಮಿನಿಟ್ ಸಾವಕಾಶ ನಡೆದ ಎಂಜಿನ್ 10 ಆಂಪಿಯರ್ ಕೊಡ್ತು ಅಂದ್ರೂ 1 ಎಎಚ್ ಸೈತ ಒಳಗ ಹೋಗಲ್ಲ. ನಾ ಆ ವರ್ಷ ಮಗನ ಮಾತು ಕೇಳಿ ಚಾಲೂ ಮಾಡಿದ್ರೂ ಅದು ಸಾಯ್ತಿತ್ತು, ನಾಲ್ಕು ದಿನ ಹಿಂದ ಮುಂದ. ಚಾಲೂ ಮಾಡಿದ್ರ ಅರ್ಧ ಪೌಣ ತಾಸು ಕೆಲಸಕ್ಕ ಹಚ್ಚ್ರಿ, ಇಲ್ಲಂದ್ರ ವೈರ್ ಬಿಚ್ಚಿ ಸುಮ್ಮನ ಬಿಡ್ರಿ.

ನಾ ಈಗ ಬ್ಯಾಟರಿ ಪೂರಾ ಬಿಚ್ಚಿ ಮನಿ ಒಳಗ ತಂದಿಡ್ತೀನಿ. ಪತ್ರಾಸಿನ ಕೆಳಗಿಂತ ಮಣ್ಣಿನ ಮಾಳಗಿ ಮನಿ ತಂಪು. ಕಳ್ಳರ ಕಾಟನೂ ತಪ್ತದ. ಮೊದಲ ವರ್ಷ ಜೋಳದ ಖೋಲಿಯಾಗ ಇಡಾಕ ಹೋದೆ, ನಮ್ಮ ಮನಿಯಾಕಿ ಬಿಡಲಿಲ್ಲ. "ಉಣ್ಣೋ ಕಾಳಿನ ಬಾಜೂ ಆಸಿಡ್ ಇಡ್ತೀರೇನ್ರಿ" ಅಂದ್ಳು. ಆಕಿ ಅಂದದ್ದು ಖರೇ ಅದ. ಈಗ ದನದ ಪಡಸಾಲಿ ಮೂಲಿಯಾಗ, ಹುಡುಗರ ಕೈಗೆ ಸಿಗದಂಗ ಒಂದು ಪುಟ್ಟಿ ಡಬ್ಬು ಹಾಕಿ ಇಡ್ತೀನಿ. ಗಾಳಿ ಆಡ್ಲಿ ಅಂತ ಪುಟ್ಟಿನೇ, ಪ್ಲಾಸ್ಟಿಕ್ ಚೀಲ ಸುತ್ತಲ್ಲ.

ಹೋದ ವರ್ಷ ಹಂಗ ಬಿಚ್ಚಿಟ್ಟ ದಿನ 12.66 ಇತ್ತು. 40 ದಿನಕ್ಕ ನೋಡಿದ್ರ 12.51. ಒಮ್ಮೆ ಚಾರ್ಜಿಗೆ ಹಾಕಿದೆ. ಮಿರಗದ ಹಿಂದಿನ ದಿನ 12.53 ಇತ್ತು. ಹಚ್ಚಿ ಚಾವಿ ತಿರುವಿದ್ರ ಅರ್ಧ ಸುತ್ತಿಗೇ ಚಾಲೂ ಆಯ್ತು. ನನ್ನ ಚಾರ್ಜಿಂಗ್ ಪಾಯಿಂಟ್ ಈಗ ಚಾವಿ ಮ್ಯಾಲೆ ಅದ.

ಔಷಧ ಹೊಡಿಯೋ ಬ್ಯಾಟರಿ ಪಂಪಿನ ಬಗ್ಗೆನೂ ಒಂದು ಮಾತು. ತೊಗರಿ ಕಾಯಿಕೊರಕಕ್ಕ ಹೊಡೆದು ಮುಗಿದ ಮ್ಯಾಲೆ ಪಂಪ್ ಮೂಲಿಗೆ ಒಗೀತೀವಿ, ಮುಂದಿನ ವರ್ಷ ತೆಗೆದ್ರ ಅರ್ಧ ಟ್ಯಾಂಕಿಗೆ ನಿಲ್ತದ. ಕಂಪನಿಗೆ ಬೈತೀವಿ. ಅದರಾಗಿರೋದೂ ಬಹಳಷ್ಟು ಪಂಪಿನಾಗ ಇದೇ ಸೀಸದ ಬ್ಯಾಟರಿ, 8 ಇಲ್ಲ 12 ಎಎಚ್‌ದು, ಮುಚ್ಚಿದ್ದು. ಇಡೋ ಮೊದಲು ಪೂರಾ ಚಾರ್ಜ್ ಮಾಡ್ರಿ, ಆಮೇಲೆ ತಿಂಗಳು ಎರಡು ತಿಂಗಳಿಗೊಮ್ಮೆ ಒಂದು ರಾತ್ರಿ ಹಚ್ಚ್ರಿ. ಹಂದಿಗೆ ಹಾಕೋ ಝಟ್ಕಾ ಮಶೀನಿಗೂ ಇದೇ ಮಾತು.

ಮೀಟರ್ ಹಿಡಿಯೋರಿಗೆ ಎರಡು ಎಚ್ಚರ. ಕರೆಂಟ್ ಅಳಿಯೋ ಮುಂದ ಕೆಂಪು ವೈರ್ 10 ಆಂಪಿಯರಿನ ತೂತಿನಾಗ ಇರಬೇಕು, ಮತ್ತ ಮೀಟರ್ ನಡುವ ಇದ್ದಾಗ ಯಾರೂ ಸೆಲ್ಫ್ ಹೊಡೀಬಾರದು. ಸೆಲ್ಫ್ 200 ಆಂಪಿಯರಿನ ಮ್ಯಾಲೆ ಎಳೀತದ, ಮೀಟರ್ ಸುಟ್ಟು ಹೋಗ್ತದ. ಅಳೆದು ಮುಗಿದ ಕೂಡ್ಲೆ ಕೆಂಪು ವೈರ್ ವೋಲ್ಟಿನ ತೂತಿಗೆ ವಾಪಸ್ ಹಾಕ್ರಿ. ನಾ ಒಮ್ಮೆ ಮರೆತು ಹಂಗೇ ವೋಲ್ಟೇಜ್ ನೋಡಾಕ ಹೋದೆ, ಕಡ್ಡಿ ತುದಿ ಕರಗಿ ವೈರ್ ಹೊಗಿ ಆಡ್ತು. ಮಗ ಅವತ್ತು ನನಗ ಏನೂ ಅನ್ನಲಿಲ್ಲ. ಎಲ್ಲರ ಎದುರಿಗೆ ನಕ್ಕ ಅಷ್ಟೇ.

ಹೋಳಿ ಒಳಗ ಯಾರಿಗಾದ್ರೂ ತಮ್ಮ ಟ್ರ್ಯಾಕ್ಟರ್ ಸೋರ್ತದೇನ್ ನೋಡಬೇಕಂದ್ರ ಮೀಟರ್ ನಮ್ಮ ಮನಿಯಾಗ ಅದ, ಹೊಸ ವೈರ್ ಹಾಕ್ಸೀನಿ. ಗೊಬ್ಬೂರದವರು, ಚೌಡಾಪುರ ಕಡಿಯವರು ಬಂದು ಒಯ್ರಿ. ಮುಂಜಾನಿ ಒಯ್ದವರು ಸಂಜಿ ದೀಪ ಹಚ್ಚೋದ್ರಾಗ ತಂದು ಕೊಡ್ರಿ, ಇನ್ನೊಬ್ಬರು ಕಾಯ್ತಿರ್ತಾರ.